ಮಗಳಿಗೊಂದು ಪತ್ರ: ಲಗ್ವಾರ್ದಿಯಾಕ್ಕೆ ಹೋಗುವ ಮುನ್ನ

ಪ್ರೀತಿಯ ಪುಟ್ಟಿ,

ಅಕ್ಟೋಬರ್ ಮೊದಲ ವಾರ ಗೆಳತಿಯರ ಜೊತೆ ಬಿಲ್ಬಾವೊದಿಂದ ಸ್ಪೇನಿನ ರಿಯೋಹಾ ವೈನ್ ಸೀಮೆಯ ಲಗ್ವಾರ್ದಿಯಾಕ್ಕೆ ಹೊರಟಿದ್ದೀಯಂತೆ. ಒಳ್ಳೇ ಸಮಯ ಆರಿಸಿಕೊಂಡಿದ್ದೀರಿ. ಆ ಕಡೆ ದ್ರಾಕ್ಷಿ ಕೊಯ್ಲು ನಡೆಯುವುದೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಆದರೆ ಅದೇ ಕಾರಣಕ್ಕೆ ಸಣ್ಣ ಬೊದೆಗಾದವರಿಗೆ, ಅಂದರೆ ಮನೆಮಟ್ಟಿಗೆ ವೈನ್ ಮಾಡುವವರಿಗೆ, ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಹೋಗಿ ಬಾಗಿಲು ತಟ್ಟಿದರೆ ಒಳಗೆ ಬಿಟ್ಟುಕೊಳ್ಳುತ್ತಾರೆ ಅಂದುಕೊಳ್ಳಬೇಡ. ಒಂದು ವಾರ ಮೊದಲೇ ಇಮೇಲ್ ಮಾಡಿ: ಎಷ್ಟು ಜನ, ಯಾವ ಹೊತ್ತು, ಇಂಗ್ಲಿಷಿನಲ್ಲಿ ವಿವರಿಸುವವರು ಇದ್ದಾರಾ. ದಿನಕ್ಕೆ ಎರಡು ಬೊದೆಗಾ ಸಾಕು. ಒಂದೊಂದಕ್ಕೂ ಹತ್ತಿರ ಹತ್ತಿರ ಒಂದೂವರೆ ಗಂಟೆ ಹಿಡಿಯುತ್ತದೆ, ಮೂರನೆಯದಕ್ಕೆ ಹೋಗುವ ಹೊತ್ತಿಗೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ.

ಊರು ಗುಡ್ಡದ ನೆತ್ತಿಯ ಮೇಲಿದೆ, ಸಮುದ್ರಮಟ್ಟದಿಂದ ಸುಮಾರು 630 ಮೀಟರ್ ಎತ್ತರ. 1164ರಲ್ಲಿ ನವಾರ್ರಾದ ದೊರೆ ಆರನೆಯ ಸಾಂಚೊ ಇದಕ್ಕೆ ಸನದು ಕೊಟ್ಟ. ಗಡಿ ಕಾಯುವ ಕೋಟೆಯೂರು, ಐದು ಬಾಗಿಲು, ಒಳಗೆ ಉದ್ದುದ್ದಕ್ಕೆ ಮೂರು ಬೀದಿ. ಉತ್ತರಕ್ಕೆ ಸಿಯೆರಾ ದೆ ಕಾಂತಾಬ್ರಿಯಾ ಬೆಟ್ಟಸಾಲು 1,400 ಮೀಟರಿಗಿಂತ ಎತ್ತರಕ್ಕೆ ಗೋಡೆಯ ಹಾಗೆ ನಿಂತಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆ, ಚಳಿಗಾಳಿ ಬಹುಪಾಲು ಅದರ ಆಚೆಗೇ ಮುಗಿದುಹೋಗುತ್ತದೆ. ಆಗುಂಬೆಯ ಮಳೆ ಚಿತ್ರದುರ್ಗಕ್ಕೆ ಸಿಗುತ್ತದೆಯೇ? ಅದೇ ಲೆಕ್ಕ. ಬೆಟ್ಟದಿಂದ ಎಬ್ರೊ ನದಿಯವರೆಗೆ ಇಳಿಜಾರು, ಸುಣ್ಣ ಬೆರೆತ ಜೇಡಿಮಣ್ಣು, ಅದರಲ್ಲಿ ತೆಂಪ್ರನಿಯೊ ಎಂಬ ಕಪ್ಪು ದ್ರಾಕ್ಷಿ. ಕಾರಿನಲ್ಲಿ ವಿತೋರಿಯಾ ಕಡೆಯಿಂದ ಬಂದರೆ ಎರ್ರೆರಾ ಘಟ್ಟ ಇಳಿಯುವಾಗ 'ಬಾಲ್ಕೊನ್ ದೆ ಲಾ ರಿಯೋಹಾ' ಎಂಬ ನೋಟದ ಜಾಗ ಸಿಗುತ್ತದೆ. ಅಲ್ಲಿ ಐದು ನಿಮಿಷ ನಿಂತರೆ ಈ ಭೂಗೋಳ ಪೂರ್ತಿ ಅರ್ಥವಾಗುತ್ತದೆ. ಬೆಟ್ಟದ ಆಚೆ ಮಂಜು ಕವಿದಿದ್ದು, ಈಚೆ ಬಿಸಿಲಿದ್ದರೆ ಇನ್ನೂ ಚೆನ್ನ.

ಕಾರು ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಇಲ್ಲಿಯ ಆರ್‌ಟಿಒದಲ್ಲಿ ಮಾಡಿಸಿದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಜೊತೆಗಿರಲಿ, ಅದಕ್ಕೆ ಒಂದೇ ವರ್ಷ ಅವಧಿ. ಓಡಿಸುವವಳು ಅವತ್ತು ವೈನನ್ನು ಬಾಯಲ್ಲಿ ಆಡಿಸಿ ಉಗಿಯಬೇಕು. ಅದಕ್ಕಂತಲೇ ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ನನ್ನನ್ನು ಕೇಳಿದರೆ ಬಸ್ಸೇ ವಾಸಿ. ಬಿಲ್ಬಾವೊದಿಂದ ವಿತೋರಿಯಾ, ಅಲ್ಲಿಂದ ಲೊಗ್ರೊನ್ಯೊಗೆ ಹೋಗುವ ಬಸ್ಸು ಲಗ್ವಾರ್ದಿಯಾದಲ್ಲಿ ನಿಲ್ಲುತ್ತದೆ. ವಾಪಸು ಬರುವ ಕೊನೇ ಬಸ್ಸಿನ ಹೊತ್ತನ್ನು ಹೊರಡುವ ಮೊದಲೇ ನೋಡಿಕೊಳ್ಳಿ.

ಕೋಟೆಯೊಳಗೆ ಹೊರಗಿನ ಕಾರು ಬಿಡುವುದಿಲ್ಲ. ಯಾಕೆ ಗೊತ್ತಾ? ಬೀದಿಯ ಕೆಳಗೆ ನೆಲ ಟೊಳ್ಳು. ಮನೆಮನೆಯ ಅಡಿಯಲ್ಲೂ ಕೊರೆದ ಸುರಂಗಗಳಿವೆ, ಎಲ್ಲಾ ಸೇರಿ ಇನ್ನೂರಕ್ಕೂ ಹೆಚ್ಚು. ಇವಕ್ಕೆ 'ಕಲಾದೊ' ಅನ್ನುತ್ತಾರೆ. ಲಗ್ವಾರ್ದಿಯಾಕ್ಕೆ ಹೋಗಿ ಕಲಾದೊಗೆ ಇಳಿಯದೆ ಬಂದರೆ ಅರ್ಧ ಊರನ್ನೇ ನೋಡಿದ ಹಾಗೆ. ಕಡಿದಾದ ಮೆಟ್ಟಿಲು, ಒದ್ದೆ ಗೋಡೆ, ಅದರ ಮೇಲೆ ಕಪ್ಪು ಬೂಸ್ಟು. ವರ್ಷವಿಡೀ 12ರಿಂದ 14 ಡಿಗ್ರಿ ಆಸುಪಾಸು. ಮೇಲೆ ಬಿಸಿಲಿದೆ ಅಂತ ತೆಳು ಅಂಗಿಯಲ್ಲಿ ಇಳಿದವರು ಹತ್ತೇ ನಿಮಿಷಕ್ಕೆ ನಡುಗುತ್ತಾರೆ. ಸ್ವೆಟರ್, ಜಾರದ ಶೂ ಎರಡೂ ಬೇಕು.

ಅಲ್ಲಿ ಕೇಳಬೇಕಾದ ಪ್ರಶ್ನೆ, ಹಳೆಯ ಪದ್ಧತಿಯಲ್ಲಿ ಎಳೆ ವೈನ್ ಹೇಗೆ ಮಾಡುತ್ತಾರೆ ಅನ್ನುವುದು. ಗೊಂಚಲನ್ನು ಬಿಡಿಸದೆ, ಹಿಸುಕದೆ, ಕಾಂಡದ ಸಮೇತ 'ಲಾಗೊ' ಎಂಬ ತೆರೆದ ತೊಟ್ಟಿಗೆ ತುಂಬುತ್ತಾರೆ. ಭಾರಕ್ಕೆ ತಳದ ಹಣ್ಣು ಒಡೆದು ರಸ ಹುಳಿಯಲು ಶುರುವಾಗುತ್ತದೆ. ಅದರಿಂದ ಏಳುವ ಕಾರ್ಬನ್ ಡೈಆಕ್ಸೈಡ್ ತೊಟ್ಟಿಯನ್ನು ತುಂಬಿ ಗಾಳಿಯನ್ನು ಹೊರದಬ್ಬುತ್ತದೆ. ಗಾಳಿಯಿಲ್ಲದೆ ಮೇಲಿನ ಇಡೀ ಹಣ್ಣುಗಳು ಸಿಪ್ಪೆಯೊಳಗೇ ಹುಳಿಯತೊಡಗುತ್ತವೆ. ಒಂದು ವಾರ, ಹತ್ತು ದಿನ ಬಿಟ್ಟು ರಸ ಬಸಿದು, ಉಳಿದಿದ್ದನ್ನು ತುಳಿದು ಹಿಂಡುತ್ತಾರೆ. ಬರುವುದು ನೇರಳೆ ಬಣ್ಣದ, ಹಣ್ಣಿನ ಘಮದ, ಒಗರು ಕಡಿಮೆಯಿರುವ ವೈನ್. ಇದರ ಅಪಾಯವೂ ಅದೇ ಅನಿಲದಲ್ಲಿದೆ. ಗಾಳಿಗಿಂತ ಭಾರವಾದ್ದರಿಂದ ಅದು ಕೆಳಗಿನ ಸುರಂಗದಲ್ಲಿ ಶೇಖರವಾಗುತ್ತದೆ. ಅದಕ್ಕೇ ಗಾಳಿಗಂಡಿಗಳನ್ನು ಕೊರೆದಿದ್ದಾರೆ. ಹಿಂದಿನವರು ಮೋಂಬತ್ತಿ ಹಿಡಿದು ಇಳಿಯುತ್ತಿದ್ದರು, ದೀಪ ಆರಿದರೆ ಹಾಗೇ ಮೇಲಕ್ಕೆ. ಕೊಯ್ಲಿನ ದಿನಗಳಲ್ಲಿ ಕೆಲವು ಕಲಾದೊಗೆ ಬಿಡುವುದಿಲ್ಲ ಅಂದರೆ ಹಟ ಮಾಡಬೇಡಿ.

ಬಾಟಲಿಯ ಹಿಂಬದಿಯ ಪಟ್ಟಿಯ ಬಣ್ಣ ನೋಡುವುದನ್ನು ರೂಢಿಸಿಕೋ. ಹಸಿರಾದರೆ ಸಾಮಾನ್ಯವಾಗಿ ಎಳೆಯದು. ಕೆಂಪು ಕ್ರಿಯಾನ್ಸಾ: ಕನಿಷ್ಠ ಎರಡು ವರ್ಷ, ಅದರಲ್ಲಿ ಒಂದು ವರ್ಷ 225 ಲೀಟರಿನ ಓಕ್ ಪೀಪಾಯಿಯಲ್ಲಿ. ಕಡುಗೆಂಪು ರೆಸೆರ್ವಾ, ಮೂರು ವರ್ಷ. ನೀಲಿ ಗ್ರಾನ್ ರೆಸೆರ್ವಾ, ಐದು ವರ್ಷ. ಇದು ಎಷ್ಟು ಕಾಲ ಇಟ್ಟಿದ್ದಾರೆ ಅನ್ನುವುದರ ಲೆಕ್ಕವೇ ಹೊರತು ರುಚಿಯ ಅಂಕಪಟ್ಟಿಯಲ್ಲ. ಅಲ್ಲಿದ್ದಾಗ ಎಳೆಯದನ್ನೇ ಕುಡಿಯಿರಿ, ಅದು ವರ್ಷ ಕಳೆದರೆ ಸಪ್ಪೆ.

ಸಾಂತಾ ಮಾರಿಯಾ ದೆ ಲೋಸ್ ರೆಯೆಸ್ ಚರ್ಚಿನ ಬಾಗಿಲನ್ನು ಮಾತ್ರ ತಪ್ಪಿಸಬೇಡ. 14ನೇ ಶತಮಾನದ ಕೊನೆಯ ಕಲ್ಲಿನ ಕೆತ್ತನೆ, 17ನೇ ಶತಮಾನದಲ್ಲಿ ಬಳಿದ ಬಣ್ಣ. ನಡುಗಂಬದಲ್ಲಿ ಮಗುವನ್ನು ಎತ್ತಿಕೊಂಡ ಮೇರಿ, ಎರಡೂ ಬದಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರು, ಮೇಲೆ ಮೇರಿಯ ಬದುಕಿನ ಘಟ್ಟಗಳು. ಅವರ ಬಟ್ಟೆಯ ಮೇಲಿನ ಹೂಬಳ್ಳಿಯ ಕುಸುರಿ ಇವತ್ತಿಗೂ ಕಾಣುತ್ತದೆ. ಮುಂದೆ ಇನ್ನೊಂದು ಗೋಡೆ ಕಟ್ಟಿ ಮುಚ್ಚಿದ್ದರಿಂದ ಮಳೆ ಬಿಸಿಲು ತಾಗದೆ ಬಣ್ಣ ಉಳಿಯಿತು. ಹೊರಗಿನಿಂದ ನೋಡಿದರೆ ಒಳಗೆ ಇಂಥದ್ದಿದೆ ಅಂತ ಗೊತ್ತೇ ಆಗದೆ ಮುಂದೆ ಹೋಗಿಬಿಡುತ್ತೀರಿ. ಗೈಡ್ ಜೊತೆಗೆ, ಗೊತ್ತಾದ ಹೊತ್ತಿಗೆ ಮಾತ್ರ ಬಿಡುತ್ತಾರೆ. ಊರಿಗೆ ಕಾಲಿಟ್ಟ ಕೂಡಲೇ ಪ್ರವಾಸಿ ಕಚೇರಿಯಲ್ಲಿ ಟಿಕೆಟ್ ತೆಗೆದುಕೊಂಡು, ಉಳಿದ ಕೆಲಸವನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ಊಟದ ವಿಷಯ. ಮಧ್ಯಾಹ್ನದ ಊಟ ಎರಡಕ್ಕೆ ಶುರು, ರಾತ್ರಿಯದು ಒಂಬತ್ತಕ್ಕೆ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ನೀನು ಸಸ್ಯಾಹಾರಿ ಅಂದರೂ ತಟ್ಟೆಯಲ್ಲಿ ಹಂದಿಮಾಂಸದ ಚೂರು ಬರಬಹುದು, ಅದನ್ನು ಒಗ್ಗರಣೆ ಅಂತಲೇ ಅಲ್ಲಿಯವರು ತಿಳಿದಿದ್ದಾರೆ. ರಿಯೋಹಾ ಶೈಲಿಯ ಆಲೂಗಡ್ಡೆಯಲ್ಲಿ ಚೊರೀಸೊ, ಅಂದರೆ ಹಂದಿಮಾಂಸದ ಸಾಸೇಜು, ಇರುತ್ತದೆ. ಮೆನೆಸ್ತ್ರಾ ಎಂಬ ತರಕಾರಿ ಪಲ್ಯದಲ್ಲಿ ಹಾಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ, ಇರುವುದುಂಟು. 'ಎನ್ಸಲಾದಾ ಮಿಕ್ಸ್ತಾ', ಅಂದರೆ ಬೆರಕೆ ಸಲಾಡ್, ಅಂತ ಕಂಡರೂ ಮೇಲೆ ಟ್ಯೂನಾ ಮೀನು ಹಾಕಿ ತರುತ್ತಾರೆ. 'ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತೂನ್' (ಮಾಂಸ ಬೇಡ, ಹಾಮೋನ್ ಬೇಡ, ಟ್ಯೂನಾ ಬೇಡ) ಅಂತ ಮೂರನ್ನೂ ಬಿಡಿಬಿಡಿಯಾಗಿ ಹೇಳು. ಸುಟ್ಟ ಪಿಕಿಯೊ ಮೆಣಸಿನಕಾಯಿ, ಒಳಗೆ ಏನೂ ತುಂಬಿಲ್ಲದ್ದು, ಬ್ರೆಡ್ಡಿನ ಜೊತೆ ಬಹಳ ಚೆನ್ನಾಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ವೈನ್ ರುಚಿ ನೋಡಲು ಹೋಗಬೇಡಿ.

ಅಂಗಡಿ ಮುಚ್ಚುವ ಮಧ್ಯಾಹ್ನದ ಹೊತ್ತಿಗೆ ಕೆರೆಗಳ ಕಡೆ ನಡೆಯಿರಿ. ನಾಲ್ಕಿವೆ. ಕಾರ್ರಾಲೊಗ್ರೊನ್ಯೊ, ಕಾರ್ರಾವಲ್ಸೇಕಾ, ಮುಸ್ಕೊ ಈ ಮೂರೂ ಸಹಜವಾದವು. ನೀರು ಹರಿದು ಹೋಗಲು ದಾರಿಯಿಲ್ಲದ ತಗ್ಗುಗಳು. ಮಣ್ಣಿನ ಉಪ್ಪು ಮಳೆನೀರಲ್ಲಿ ಕರಗಿ ಬಂದು ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಆರಿ ಬಿಳಿ ಉಪ್ಪಿನ ಪದರ ಉಳಿಯುತ್ತದೆ. ಫೋಟೋದಲ್ಲಿ ತುಂಬಿದ ಕೆರೆ ನೋಡಿ ಹೋದವರು ಒಣನೆಲ ಕಂಡು ಪೆಚ್ಚಾಗುವುದು ಇಲ್ಲೇ. ಅಕ್ಟೋಬರಿನಲ್ಲೂ ಮಳೆ ಬಾರದಿದ್ದರೆ ಹಾಗೇ ಇರುತ್ತವೆ. ಆ ಪದರದ ಮೇಲೆ ಕಾಲಿಡಬೇಡಿ, ಕೆಳಗೆ ಕೆಸರು, ಸುತ್ತ ಇರುವುದು ರಕ್ಷಿತ ಗಿಡಗಳು. ನಾಲ್ಕನೆಯದು ಪ್ರಾವೊ ದೆ ಲಾ ಪಾವುಲ್, ಕಟ್ಟೆ ಹಾಕಿ ನಿಲ್ಲಿಸಿದ ನೀರು. ನೀರು ನೋಡಬೇಕೆಂದರೆ ಅದಕ್ಕೇ ಹೋಗಬೇಕು. ದುರ್ಬೀನು ಇದ್ದರೆ ಒಯ್ಯಿ, ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಕಾಣುವ ಅದೇ ನಾಮದ ಕೋಳಿ, ಗುಳುಮುಳುಕ ಅಲ್ಲೂ ಕಾಣಬಹುದು.

ವಾಸ್ತುಶಿಲ್ಪಿ ಕಾಲಾತ್ರಾವಾ ಕಟ್ಟಿದ ಇಸಿಯೋಸ್ ಬೊದೆಗಾ, 2001ರದ್ದು, ಅಲೆಯಲೆಯಾದ ಅಲ್ಯೂಮಿನಿಯಂ ಚಾವಣಿ, ಹಿಂದೆ ಬೆಟ್ಟಸಾಲು. ಕೋಟೆಯ ಹೊರಗೆ ಉತ್ತರದ ದಾರಿಯಿಂದಲೇ ಸೊಗಸಾಗಿ ಕಾಣುತ್ತದೆ. ಪಕ್ಕದ ಎಲ್ಸಿಯೆಗೊ ಊರಿನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿನ್ಯಾಸದ ಹೋಟೆಲೂ ಅಷ್ಟೇ, ಹೊರಗಿನಿಂದ ನೋಡಿದರೆ ಸಾಕು. ಒಳಗೆ ಹೋಗಲು ಖರ್ಚು ಮಾಡುವ ಹಣಕ್ಕೆ ಊರೊಳಗಿನ ಎರಡು ಕಲಾದೊ ನೋಡಬಹುದು.

ದೀಪಾವಳಿಗೆ ಬರುವಾಗ ಬಾಟಲಿ ತರುವೆಯಾದರೆ ಎರಡೇ ತಾ. ಸುಂಕವಿಲ್ಲದೆ ಬಿಡುವುದು ಎರಡು ಲೀಟರ್, 750 ಮಿಲಿಯ ಮೂರನೇ ಬಾಟಲಿಗೆ ಲೆಕ್ಕ ಮೀರುತ್ತದೆ. ಕೆಂಪು ಪಟ್ಟಿಯ ಕ್ರಿಯಾನ್ಸಾ ಇರಲಿ. ಚೆಕ್-ಇನ್ ಪೆಟ್ಟಿಗೆಯ ನಡುಮಧ್ಯ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೀನ್ಸಿನಲ್ಲಿ ಸುತ್ತಿಡು, ಎರಡೂ ಒಂದಕ್ಕೊಂದು ತಾಗದ ಹಾಗೆ. ಬೊದೆಗಾದವರಿಗೆ ಇಮೇಲ್ ಹೋಯಿತಾ ಅಂತ ತಿಳಿಸು.

ನಿನ್ನ
ಅಪ್ಪ