ಗಾಜಿನ ಗೂಡು ನೋಡಲು ಬಂದವರೆಲ್ಲರಿಗೂ

ಗೋವಾದ ವಾಸ್ಕೋದಲ್ಲಿರುವ ಕನ್ನಡ ಸಂಘದ ಹಾಲ್‌ನಲ್ಲಿ ನಾವು ಮೂವರು ಸಂಶೋಧನಾ ವಿದ್ಯಾರ್ಥಿಗಳು ಇಟ್ಟಿದ್ದ ಚಿತ್ರಪ್ರದರ್ಶನ ಮುಗಿದಿದೆ. ಅದರ ಬೆನ್ನಿಗೇ ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ ಕೂಡ ಮುಗಿಯಿತು. ವೈವಾಕ್ಕೆ ಶುಭ ಕೋರಿದವರಿಗೆಲ್ಲ ಫೋನಿನಲ್ಲೇ ಥ್ಯಾಂಕ್ಸ್ ಹೇಳಿದ್ದಾಗಿದೆ. ಥೀಸಿಸ್‌ನ ಮೊದಲ ಪುಟಗಳಲ್ಲಿ ಗೈಡ್, ಸಮಿತಿಯವರು, ಫೆಲೋಶಿಪ್ ಕೊಟ್ಟವರು ಎಲ್ಲರೂ ವಾಡಿಕೆಯ ಕ್ರಮದಲ್ಲಿ ಬಂದು ಕೂತಿದ್ದಾರೆ. ಅಲ್ಲಿ ಜಾಗ ಸಿಗದವರಿಗೆ ಈ ಬರಹ.

ನಾನು ರಾಣೆಬೆನ್ನೂರಿನವಳು. ಗೋವಾಕ್ಕೆ ಬರುವ ಮುಂಚೆ ಸಮುದ್ರ ಕಂಡಿದ್ದು ಶಾಲೆಯ ಪ್ರವಾಸದಲ್ಲಿ ಮಾತ್ರ. ಇಲ್ಲಿ ನನ್ನ ಕೆಲಸ ಡಯಾಟಮ್‌ಗಳ ಮೇಲೆ. ನೀರಿನಲ್ಲಿ ತೇಲುವ ಒಂದೇ ಕೋಶದ ಜೀವಿಗಳು ಇವು. ಬಿಸಿಲು ಹಿಡಿದು ತಮ್ಮ ಆಹಾರ ತಾವೇ ಮಾಡಿಕೊಳ್ಳುತ್ತವೆ, ಮೈಸುತ್ತ ಸಿಲಿಕಾದ, ಅಂದರೆ ಗಾಜಿನದೇ ಜಾತಿಯ ಗೂಡು ಕಟ್ಟಿಕೊಳ್ಳುತ್ತವೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳದು. ಇಷ್ಟನ್ನು ಮನೆಯಲ್ಲಿ ಎಷ್ಟು ಸಲ ಹೇಳಿದರೂ ಅವ್ವ "ಹೌದೇನವಾ, ಊಟ ಆತಾ?" ಅನ್ನುತ್ತಿದ್ದಳು. ಅವಳ ತಪ್ಪಿಲ್ಲ. ಕಣ್ಣಿಗೆ ಕಾಣದ್ದನ್ನು ಬರೀ ಮಾತಿನಲ್ಲಿ ನಂಬು ಅಂದರೆ ಯಾರು ನಂಬುತ್ತಾರೆ? ಚಿತ್ರ ತೋರಿಸೋಣ ಅನ್ನುವ ಯೋಚನೆ ಹುಟ್ಟಿದ್ದು ಅಲ್ಲಿಂದ.

ಮೊದಲ ಕೃತಜ್ಞತೆ, ಬೆಳಕಿನ ಬದಲು ಎಲೆಕ್ಟ್ರಾನ್ ಬಿಟ್ಟು ಚಿತ್ರ ತೆಗೆಯುವ ನಮ್ಮ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೋಣೆಯ ಟೆಕ್ನಿಶಿಯನ್ ಅಣ್ಣನಿಗೆ. ಅವರ ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದಾರೆ. ಬಲೆಯಲ್ಲಿ ಸೋಸಿ ತಂದದ್ದನ್ನು ಆ್ಯಸಿಡ್‌ನಲ್ಲಿ ತೊಳೆದರೆ ಜೀವಾಂಶವೆಲ್ಲ ಹೋಗಿ ಗೂಡು ಉಳಿಯುತ್ತದೆ. ಸಿಲಿಕಾದಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಅದಕ್ಕೆ ಚಿನ್ನದ ಲೇಪ ಕೊಡಬೇಕು, ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ತೆಳುವಾಗಿ. ಲೇಪ ತುಸು ಹೆಚ್ಚಾದರೆ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ, ಕಡಿಮೆಯಾದರೆ ಚಿತ್ರದ ತುಂಬ ಬಿಳಿ ಗೆರೆ. ಆ ಹದ ಗೊತ್ತಿರುವುದು ಅವರ ಕೈಗೆ. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಿಎನ್‌ಎಯ ಸುರುಳಿ ಆಕಾರ ತೋರಿಸಿಕೊಟ್ಟ ಆ ಪ್ರಸಿದ್ಧ ಎಕ್ಸ್-ರೇ ಚಿತ್ರ ತೆಗೆದವನು ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ ಕೈಕೆಳಗಿದ್ದ ಪಿಎಚ್‌ಡಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್. ಚಿತ್ರ ಎಲ್ಲರಿಗೂ ಗೊತ್ತು, ಅವನ ಹೆಸರು ಎಷ್ಟು ಜನಕ್ಕೆ ಗೊತ್ತು? ವಿದ್ಯಾರ್ಥಿಯ ಪಾಡೇ ಹೀಗಾದರೆ ಯಂತ್ರ ನಡೆಸುವವರ ಹೆಸರು ಕೇಳುವವರಾರು?

ಸಂಘದ ಹಿರಿಯರಿಗೆ ಎರಡನೆಯ ನಮಸ್ಕಾರ. ಫೆಲೋಶಿಪ್ ನಿಂತುಹೋಗಿದ್ದ ತಿಂಗಳುಗಳಲ್ಲಿ ಪ್ರಿಂಟಿಂಗ್ ಖರ್ಚು ಅವರೇ ಹೊತ್ತರು. ಲೆಕ್ಕ ಕೇಳಲಿಲ್ಲ, ಕೊಡಲು ಹೋದರೂ ತೆಗೆದುಕೊಳ್ಳಲಿಲ್ಲ. ಹಾಲ್ ಬಾಡಿಗೆಯ ಮಾತು ಎತ್ತಿದ್ದಕ್ಕೆ ಬೈಸಿಕೊಂಡೆವು.

ಈಗ ನೋಡಲು ಬಂದವರ ವಿಷಯ. ನಿಜ ಹೇಳಬೇಕೆಂದರೆ ಈ ಬರಹಕ್ಕೆ ಕೂತದ್ದೇ ನಿಮಗಾಗಿ. "ಭಾಳ ಚಂದ ಅದಾವ್ರಿ" ಎಂದವರಿಗೆ ಧನ್ಯವಾದ. ಅಷ್ಟಕ್ಕೇ ಬಿಡದೆ ಪ್ರಶ್ನೆ ಕೇಳಿದವರಿಗೆ ಅದರ ಹತ್ತುಪಟ್ಟು.

ಬಾಗಿಲಲ್ಲೇ ಇಟ್ಟಿದ್ದ ಕಾಸ್ಸಿನೋಡಿಸ್ಕಸ್ ಎಂಬ ದುಂಡನೆಯ ಡಯಾಟಮ್‌ನ ಚಿತ್ರ ನೋಡಿ ಒಬ್ಬ ಅಜ್ಜಿ, "ಇದು ನಮ್ಮ ಶ್ಯಾವಿಗಿ ಮಷೀನಿನ ಬಿಲ್ಲಿ ಅಲ್ಲೇನ?" ಅಂದರು. ಸಾಲು ಸಾಲು ತೂತು ನೋಡಿದರೆ ಯಾರಾದರೂ ಹಾಗೇ ಅಂದಾರು. ಮರುಗಳಿಗೆಯೇ, "ಇಷ್ಟ ದೊಡ್ಡದ ಇರತೈತೇನವಾ ಸಮುದ್ರದಾಗ?" ಎಂದು ಕೇಳಿದರು. ಚಿತ್ರದ ಮೂಲೆಯಲ್ಲಿ ಅಳತೆಯ ಗೆರೆ ಇತ್ತು, ನಿಜ. ಮೈಕ್ರಾನ್ ಎಂದು ಬರೆದ ಗೆರೆ ಯಾರಿಗೆ ಬೇಕು? ಅಂದು ರಾತ್ರಿಯೇ ಲೆಕ್ಕ ಹಾಕಿದೆವು. ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಬಿಲ್ಲೆ ಚಿತ್ರದಲ್ಲಿ ಎರಡಡಿಯಾಗಿದೆ ಅಂದರೆ ಸುಮಾರು ಆರು ಸಾವಿರ ಪಟ್ಟು ಹಿಗ್ಗಿದೆ. ಅಷ್ಟೇ ಹಿಗ್ಗಿಸಿದರೆ ತಲೆಗೂದಲಿನ ದಪ್ಪ ಒಂದೂವರೆ ಅಡಿ! ಕಪ್ಪು ಕಾಗದದಲ್ಲಿ ಆ ಅಗಲದ ಪಟ್ಟಿ ಕತ್ತರಿಸಿ, "ಇದು ನಿಮ್ಮ ಒಂದು ಕೂದಲು" ಎಂದು ಬರೆದು ಪಕ್ಕದಲ್ಲಿ ಅಂಟಿಸಿದೆವು. ಮರುದಿನ ಅದರ ಮುಂದೆಯೇ ಜನ ನಿಂತದ್ದು ಹೆಚ್ಚು. ಅಜ್ಜೀ, ಅದು ನಿಮ್ಮ ಚಿತ್ರ.

ಬಣ್ಣದ ಪ್ರಶ್ನೆ ಎತ್ತಿದವನು ಜುವಾರಿನಗರದ ಕನ್ನಡ ಶಾಲೆಯ ಹುಡುಗ. "ಅಕ್ಕಾ, ಇದು ಖರೇ ಬಣ್ಣ ಏನ್ರಿ?" ಅಲ್ಲಪ್ಪಾ. ಆ ಯಂತ್ರದಲ್ಲಿ ಬರುವುದು ಬರೀ ಬೂದು. ಎಷ್ಟು ಎಲೆಕ್ಟ್ರಾನ್ ವಾಪಸ್ ಬಂತು ಅನ್ನುವುದರ ಮೇಲೆ ಕಪ್ಪು, ಬಿಳುಪು. ನೀಲಿ, ಕೇಸರಿ ಎಲ್ಲ ನಾವು ಕಂಪ್ಯೂಟರಿನಲ್ಲಿ ತುಂಬಿದ್ದು. ಜೀವಂತ ಡಯಾಟಮ್ ಹೊನ್ನುಗಂದು. ಅವನ ಸಲುವಾಗಿ ಬೂದು ಮೂಲಪ್ರತಿಯನ್ನೂ ಜೊತೆಗಿಟ್ಟೆವು. ಬಣ್ಣ ಹಾಕುವುದೇ ಮೋಸ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಹಾಕಿದ್ದೇವೆ ಎಂದು ಹೇಳದಿರುವುದು ಮೋಸ.

ನನ್ನ ಗೆಳೆಯ ಉಪಗ್ರಹದ ಮಾಹಿತಿಯಿಂದ ಅರಬ್ಬೀ ಸಮುದ್ರದ ಕ್ಲೋರೋಫಿಲ್ ನಕ್ಷೆ, ಅಂದರೆ ಡಯಾಟಮ್‌ನಂಥವು ಬಿಸಿಲು ಹಿಡಿಯಲು ಬಳಸುವ ಹಸಿರು ಬಣ್ಣ ಎಲ್ಲಿ ಎಷ್ಟಿದೆ ಎನ್ನುವ ನಕ್ಷೆ ಮಾಡಿದ್ದ. ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ಹಸಿರು, ನೀಲಿ. ಒಬ್ಬ ಮೇಷ್ಟರು ಅವನನ್ನು ಪಕ್ಕಕ್ಕೆ ಕರೆದು, ಕೆಂಪು ಹಸಿರು ತಮಗೆ ಒಂದೇ ಥರ ಕಾಣುತ್ತವೆ ಎಂದರು. ಈಗ ಅದು ಕಡುನೀಲಿಯಿಂದ ಹಳದಿಗೆ ಹೋಗುವ ನಕ್ಷೆ. ಸರ್, ನಾಲ್ಕು ಜನರ ಮುಂದೆ ಹೇಳಲು ಸಂಕೋಚಪಟ್ಟರೂ ಹೇಳದೆ ಹೋಗಲಿಲ್ಲವಲ್ಲ, ಅದು ದೊಡ್ಡದು.

ಅದೇ ನಕ್ಷೆಯ ಮುಂದೆ ಖಾರಿವಾಡಾ ಜೆಟ್ಟಿಯ ಬೋಟ್ ಕೆಲಸದ ಅಣ್ಣಂದಿರು ಗುಂಪುಗೂಡಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳಿಗೆ ನಿಷೇಧ, ಹಾಗಾಗಿ ಬಿಡುವು. "ಇಂಥದ್ದು ನಮ್ಮ ತಾಂಡೇಲನ ಮೊಬೈಲಿಗೂ ಬರತೈತ್ರಿ" ಅಂದರು. ತಾಂಡೇಲ ಅಂದರೆ ಬೋಟ್ ನಡೆಸುವ ಮುಖ್ಯಸ್ಥ. ಹೌದು, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಜಾಗ ಹೇಳುವುದು ಇಂಥ ಕ್ಲೋರೋಫಿಲ್ ಮತ್ತು ನೀರಿನ ಶಾಖದ ನಕ್ಷೆ ನೋಡಿಯೇ. ನಡುವೆ ಬಿಳಿ ಬಿಳಿ ಯಾಕೆ ಎಂದು ಅವರೇ ಕೇಳಿದರು. ಮೋಡ. ಮಳೆಗಾಲದಲ್ಲಿ ತಳದ ತಣ್ಣನೆಯ ನೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ, ಡಯಾಟಮ್ ಸೊಕ್ಕಿ ಬೆಳೆಯುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಉಪಗ್ರಹಕ್ಕೆ ಸಮುದ್ರ ಕಾಣುವುದಿಲ್ಲ. "ಹಂಗಾರ ನೀವು ದೋಣಿ ಹತ್ತಲೇಬೇಕು" ಎಂದು ನಕ್ಕರು. ವೈವಾದಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ಇದೇ ಆಗಿತ್ತು. ಉತ್ತರ ಬಾಯಲ್ಲೇ ಇತ್ತು.

ಚೊಡಣ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಗಾಳಿಗೂಡುಗಳನ್ನು ತೋರಿಸಿದ ಗೆಳತಿಯ ಚಿತ್ರಗಳಿಗೂ ನೋಡುಗರು ಕಡಿಮೆಯಿರಲಿಲ್ಲ. ತನ್ನ ಕೃತಜ್ಞತೆ ತಾನೇ ಬರೆಯುತ್ತಾಳಂತೆ, ನಾನು ಕೈಹಾಕುವುದಿಲ್ಲ.

ಕೊನೆಯದಾಗಿ ಮೀನು ಮಾರುವ ಅಕ್ಕ. ತಾರ್ಲೆ (ಭೂತಾಯಿ) ಮೀನಿನ ಹೊಟ್ಟೆಯಲ್ಲಿ ಸಿಕ್ಕ ಡಯಾಟಮ್‌ಗಳ ಚಿತ್ರ ನೋಡಿ, ತಾನು ಇಷ್ಟು ವರ್ಷ ಕೊಯ್ದು ಬಿಸಾಡಿದ್ದು ಇದನ್ನೇನು ಎಂದರು. ಕಿವಿರಿನ ಸಣ್ಣ ಕಡ್ಡಿಗಳಲ್ಲಿ ತಾರ್ಲೆ ಇವನ್ನು ಸೋಸಿ ತಿನ್ನುವ ಬಗೆಯನ್ನು ಆಮೇಲೆ ಬಂದವರಿಗೆಲ್ಲ ಅವರೇ ಕನ್ನಡ, ಕೊಂಕಣಿ ಎರಡರಲ್ಲೂ ವಿವರಿಸುತ್ತ ನಿಂತರು. ನನಗಿಂತ ಚೆನ್ನಾಗಿ.

ಚಿತ್ರಗಳೆಲ್ಲ ಈಗ ಜುವಾರಿನಗರದ ಶಾಲೆಗೆ ಹೋಗಿವೆ. ತಾರ್ಲೆಯದು ಒಂದು ಮಾತ್ರ ಅಕ್ಕನ ಮೀನಂಗಡಿಯಲ್ಲಿ ತೂಗುತ್ತಿದೆ. ಅದನ್ನು ವಾಪಸ್ ಕೇಳಬೇಡಿ ಎಂದು ಸಂಘದ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ.