ಐಡಲ್ ಜೆಟ್‌ಗೆ ಡ್ರಿಲ್ ಹಾಕುವ ಮುಂಚೆ

ಗೆಳೆಯರೇ, ಕಾರಿನಲ್ಲಿ ವೆಬರ್ 40 ಡಿಸಿಒಇ ಕಾರ್ಬ್ಯುರೇಟರ್ (ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಇರುವವರು ಸ್ವಲ್ಪ ಗಮನಿಸಿ. ಅದರ ಐಡಲ್ ಜೆಟ್, ಅಂದರೆ ಎಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಅಳೆದು ಬಿಡುವ ಪುಟ್ಟ ಹಿತ್ತಾಳೆ ತುಣುಕಿನ ಮೇಲೆ 45ಎಫ್9 ಅಂತಿದ್ದರೆ ಪೆಟ್ರೋಲ್ ತೂತು 0.45 ಮಿ.ಮೀ. ಎಫ್9 ಅನ್ನೋದು ಗಾಳಿ ತೂತಿನ ಗುರುತು. ಆದರೆ ಹಳೆ ಜೆಟ್‌ನ ನಂಬರ್ ನೋಡಿ ನಂಬಬೇಡಿ, ಹಿಂದಿನವರು ಯಾರೋ ಕೊರೆದಿರಬಹುದು. ಪಿನ್ ಗೇಜ್ (ನಿಖರ ದಪ್ಪದ ಅಳತೆ ಕಡ್ಡಿ) ಹಾಕಿ ಅಳೆಯಿರಿ. 0.45 ಪಿನ್ ಸಲೀಸಾಗಿ ಹೋಗಿ 0.46 ನಿಂತರೆ ಸರಿ. ಕಸ ಕಟ್ಟಿದ್ದರೆ ಗಾಳಿ ಹೊಡೆಯಿರಿ. ತಂತಿ ಮಾತ್ರ ತೂರಿಸಬೇಡಿ, ಹಿತ್ತಾಳೆ ಮೆತ್ತಗಿರುತ್ತದೆ.

ಪೆಟ್ರೋಲ್ ಜಾಸ್ತಿ ಬರಲಿ ಅಂತ ತೂತನ್ನು 0.45ರಿಂದ 0.50ಕ್ಕೆ ಕೊರೆಯುವುದು ಅಂದರೆ ಚೂರೇ ಅನ್ನಿಸುತ್ತದೆ, ಅಲ್ವಾ? ತೂತಿನ ವಿಸ್ತೀರ್ಣ ಶೇ. 23 ಜಾಸ್ತಿಯಾಗುತ್ತದೆ! ಹಾಗಾಗಿ ಕೊರೆಯುವುದಾದರೆ ಪಿನ್ ವೈಸ್ (ಸಣ್ಣ ಡ್ರಿಲ್ ಬಿಟ್ ಸಿಕ್ಕಿಸಿ ಬೆರಳಲ್ಲಿ ತಿರುಗಿಸುವ ಹಿಡಿ) ಹಿಡಿದು ಕೈಯಲ್ಲೇ, ನಿಧಾನವಾಗಿ. ಜೋಡಿ ಕಾರ್ಬ್ಯುರೇಟರ್ ಇದ್ದರೆ ನಾಲ್ಕೂ ಜೆಟ್ ಒಂದೇ ಅಳತೆ ಇರಲಿ. ಹಳೆ ನಂಬರ್ ಮೇಲೆ ಗೀಟು ಎಳೆದುಬಿಡಿ. ಹೊಸ ಜೆಟ್ ಸಿಕ್ಕರೆ ಅದೇ ವಾಸಿ.