ಪ್ರಯಾಣಕ್ಕೆ ಮೊದಲು ನಿನಗೆ ತಿಳಿದಿರಬೇಕಾದದ್ದು

ಪ್ರಿಯ ಗೆಳೆಯ,

ಮುಂದಿನ ತಿಂಗಳು ನಾವಿಬ್ಬರೂ ಪ್ರಯಾಣ ಹೊರಡುವ ಮೊದಲೇ ನನ್ನ ಕಾಯಿಲೆಯ ವಿಚಾರವನ್ನು ನಿನಗೆ ವಿವರವಾಗಿ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಕಳೆದ ಬಾರಿ ಮಾತಿನ ನಡುವೆಯೇ ನನ್ನ ಮೂಗಿನಿಂದ ರಕ್ತ ಸುರಿಯತೊಡಗಿದಾಗ ನೀನು ಗಾಬರಿಯಿಂದ ನನ್ನ ತಲೆಯನ್ನು ಹಿಂದಕ್ಕೆ ಬಾಗಿಸಲು ಬಂದೆ; ನಾನು ನಿನ್ನ ಕೈ ಸರಿಸಿದ್ದು ಒರಟಾಗಿ ಕಂಡಿರಬಹುದು. ತಲೆ ಹಿಂದಕ್ಕೆ ಬಾಗಿದರೆ ರಕ್ತ ಗಂಟಲಿಗಿಳಿಯುತ್ತದೆ. ಮುಂದಕ್ಕೆ ಬಾಗಿ ಕುಳಿತು, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು.

ಈ ಕಾಯಿಲೆಗೆ ಹೆರಿಡಿಟರಿ ಹೆಮರಾಜಿಕ್ ಟೆಲಾಂಜಿಯೆಕ್ಟೇಸಿಯಾ, ಚಿಕ್ಕದಾಗಿ ಎಚ್‌ಎಚ್‌ಟಿ ಎನ್ನುತ್ತಾರೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ನನ್ನ ರಕ್ತ ಎಲ್ಲರ ರಕ್ತದಂತೆಯೇ ಹೆಪ್ಪುಗಟ್ಟುತ್ತದೆ; ದೋಷವಿರುವುದು ರಕ್ತನಾಳಗಳಲ್ಲಿ. ಅಪಧಮನಿಗೂ ಅಭಿಧಮನಿಗೂ ನಡುವೆ ಇರಬೇಕಾದ ಲೋಮನಾಳಗಳು ಅಲ್ಲಲ್ಲಿ ಇಲ್ಲದಿರುವುದರಿಂದ ರಕ್ತವು ಪೂರ್ಣ ಒತ್ತಡದಲ್ಲಿಯೇ ತೆಳುಗೋಡೆಯ ನಾಳಕ್ಕೆ ನುಗ್ಗುತ್ತದೆ, ಮೂಗಿನೊಳಗಿನ ಅಂಥ ನಾಳ ಒಣಗಾಳಿ ತಾಗಿದರೂ ಒಡೆಯುತ್ತದೆ. ನನ್ನ ಕೆಳತುಟಿಯ ಮೇಲಿನ ಕೆಂಪು ಚುಕ್ಕೆಗಳೂ ಅವೇ. ಬೆರಳಿನಿಂದ ಒತ್ತಿದರೆ ಬಣ್ಣ ಮಾಯವಾಗಿ, ಬೆರಳು ತೆಗೆದೊಡನೆ ಮರಳಿ ಬರುತ್ತದೆ. ಅಪ್ಪನ ತುಟಿಯ ಮೇಲೂ ಅಂಥವೇ ಚುಕ್ಕೆಗಳಿದ್ದವು. ಅವರು ಕೊನೆಯವರೆಗೂ ತಮ್ಮ ಮೂಗು ಸೂಕ್ಷ್ಮವೆಂದಷ್ಟೇ ನಂಬಿದ್ದರು, ಮುಖ ಬಿಳಿಚಿಕೊಂಡು ಮೆಟ್ಟಿಲು ಹತ್ತಲಾಗದೆ ನಿಲ್ಲುತ್ತಿದ್ದುದಕ್ಕೆ ವಯಸ್ಸೇ ಕಾರಣವೆಂದು ನಾವೂ ನಂಬಿದ್ದೆವು. ಅದು ದಿನದಿನವೂ ರಕ್ತ ಸೋರಿ ಕಬ್ಬಿಣಾಂಶ ಬರಿದಾದುದರ ಫಲವಾಗಿತ್ತೆಂದು ನನಗೇ ಆ ಆಯಾಸ ಬಂದಾಗ ಅರ್ಥವಾಯಿತು.

ಆದರೆ ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಮೂಗಿನ ವಿಷಯವಲ್ಲ. ಇಂಥದೇ ದೊಡ್ಡ ನಾಳಗಳು ನನ್ನ ಶ್ವಾಸಕೋಶದಲ್ಲಿಯೂ ಇವೆ. ರಕ್ತದಲ್ಲಿ ತೇಲಿಬರುವ ಸಣ್ಣ ಹೆಪ್ಪುಗಳನ್ನೂ ಗಾಳಿಗುಳ್ಳೆಗಳನ್ನೂ ಶ್ವಾಸಕೋಶದ ಲೋಮನಾಳಗಳು ಸೋಸಿ ತಡೆಯಬೇಕು. ಆ ಜರಡಿಯೇ ಇಲ್ಲದ ಕಡೆ ಅವು ನೇರವಾಗಿ ಮಿದುಳಿಗೆ ಹೋಗಿ ಪಾರ್ಶ್ವವಾಯುವಿಗೆ ಕಾರಣವಾಗಬಹುದು, ರೋಗಾಣುಗಳು ಹೋದರೆ ಅಲ್ಲಿ ಕೀವುಗಟ್ಟಬಹುದು. ದೊಡ್ಡ ನಾಳವೊಂದನ್ನು ಪುಟ್ಟ ಲೋಹದ ಸುರುಳಿಗಳಿಂದ ಮುಚ್ಚಿದ್ದಾರೆ, ಉಳಿದ ಚಿಕ್ಕವುಗಳ ಮೇಲೆ ಕಣ್ಣಿಟ್ಟಿದ್ದಾರೆ. ಆದ್ದರಿಂದಲೇ ಹಲ್ಲು ಕೀಳಿಸುವ ಮೊದಲು ನಾನು ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತೇನೆ.

ಒಮ್ಮೆ ಕಬ್ಬಿಣಾಂಶದ ಡ್ರಿಪ್ ಹಾಕುವಾಗ ಕೊಳವೆಯೊಳಗೆ ಸಾಸಿವೆಕಾಳಿನಷ್ಟು ದೊಡ್ಡ ಗುಳ್ಳೆಯೊಂದು ನಿಧಾನವಾಗಿ ನನ್ನ ಕೈಯ ಕಡೆಗೆ ಇಳಿಯುತ್ತಿತ್ತು. ಇಷ್ಟು ಚಿಕ್ಕದರಿಂದ ಏನೂ ಆಗದೆಂದರು. ಬೇರೆಯವರ ಮಟ್ಟಿಗೆ ಆ ಮಾತು ಸರಿಯೇ. ನನಗೆ ಹಾಗಲ್ಲವೆಂದು ಎರಡು ಬಾರಿ ಹೇಳಿದ ಮೇಲೆ ಡ್ರಿಪ್ ನಿಲ್ಲಿಸಿ, ಗಾಳಿ ತಡೆಯುವ ಫಿಲ್ಟರ್ ಜೋಡಿಸಿದರು. ಅಂದು ನನಗೆ ಎಚ್ಚರವಿತ್ತು, ಹೇಳಲು ಸಾಧ್ಯವಾಯಿತು.

ಪ್ರಯಾಣದಲ್ಲಿ ನಾನು ಪ್ರಜ್ಞೆ ತಪ್ಪಿದರೆ ನನ್ನ ಪರವಾಗಿ ನೀನೇ ಹೇಳಬೇಕು. ಕಾಯಿಲೆಯ ಹೆಸರು, ಶ್ವಾಸಕೋಶದ ವಿಷಯ, ಡ್ರಿಪ್‌ಗೆ ಫಿಲ್ಟರ್ ಬೇಕೆಂಬುದು, ಇವೆಲ್ಲವನ್ನೂ ಬರೆದ ಚೀಟಿ ನನ್ನ ಪರ್ಸಿನಲ್ಲಿದೆ. ಅದರ ಇನ್ನೊಂದು ಪ್ರತಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ಅದನ್ನು ನಿನ್ನ ಬಳಿಯೇ ಇಟ್ಟುಕೊ.

ನನ್ನ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗಳ ವಂಶವಾಹಿ ಪರೀಕ್ಷೆಯ ವರದಿ ಈ ವಾರ ಬರಲಿದೆ. ಬಂದೊಡನೆ ನಿನಗೆ ತಿಳಿಸುತ್ತೇನೆ.

ಇಂತಿ ನಿನ್ನ ಗೆಳೆಯ